ಬಾಲಗೋಳಿಯಿಂದ ಬಣ್ಣದ ಗಿಲಕಿಯವರೆಗೆ

ಅಕ್ಕ ಬಾಣಂತನಕ್ಕೆಂದು ಬೈಲಹೊಂಗಲದ ನಮ್ಮ ಮನೆಗೆ ಬಂದಾಗ ನಾನು ಪಿಎಚ್.ಡಿ. ಕೆಲಸಕ್ಕಾಗಿ ಮುಂಬಯಿ ಪ್ರಾಂತ್ಯದ ದುಡಿಯುವ ಹೆಣ್ಣುಮಕ್ಕಳ ಕುರಿತ ಹಳೆಯ ವರದಿಗಳನ್ನು ಓದುತ್ತಿದ್ದೆ. ಪಡಸಾಲೆಯಲ್ಲಿ ತೊಟ್ಟಿಲು, ಅದರ ಪಕ್ಕಕ್ಕೆ ನನ್ನ ಲ್ಯಾಪ್‌ಟಾಪು. ಓದಿನ ನಡುವೆ ‘ಬಾಲಗೋಳಿ’ ಎಂಬ ಪದ ಎದುರಾಯಿತು. ಕಲ್ಲಿನ ಮೇಲೆ ಬಜೆ ತೇಯುತ್ತಿದ್ದ ಆಯಿಯನ್ನು ಕೇಳಿದೆ.

“ಅಫೀಮಿನ ಗುಳಿಗಿ,” ಎಂದಳು ತಲೆ ಎತ್ತದೆ. “ನಮ್ಮ ಅತ್ತಿ ಹೇಳತಿದ್ಲು. ಸಾಸಿವಿ ಕಾಳಷ್ಟು ಹಾಕಿದ್ರ ಕೂಸು ಸಂಜೀತನಾ ಮಲಗತಿತ್ತಂತ. ಅವ್ವ ಕೆಲಸಕ್ಕ ಹೋಗಬೇಕಲ್ಲ?”

ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿಗಳೂ ಸೇರಿದ್ದವು. ರಾಮದುರ್ಗ ಮಾತ್ರ 1948ರವರೆಗೆ ಸಂಸ್ಥಾನವಾಗಿತ್ತು. 1878ರ ಅಫೀಮು ಕಾಯ್ದೆಯ ಅಡಿಯಲ್ಲಿ ಪರವಾನಗಿ ಪಡೆದ ಅಂಗಡಿಗಳು ಅಫೀಮನ್ನು ರಾಜಾರೋಷವಾಗಿ ಮಾರುತ್ತಿದ್ದವು. ಸರ್ಕಾರಕ್ಕೆ ಅದು ದೊಡ್ಡ ಆದಾಯ. 1893ರಲ್ಲಿ ನೇಮಕವಾದ ರಾಯಲ್ ಆಯೋಗದ ಮುಂದೆ ಕೂಸುಗಳಿಗೆ ಅಫೀಮು ಕೊಡುವ ರೂಢಿಯ ಬಗ್ಗೆಯೂ ಸಾಕ್ಷ್ಯಗಳು ಬಂದವು. ಆದರೂ 1895ರ ವರದಿ ನಿಷೇಧ ಬೇಕಿಲ್ಲ ಎಂದಿತು.

1920ರ ದಶಕದ ಆರಂಭದಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಸರ್ಕಾರದ ಪರವಾಗಿ ಮುಂಬಯಿಯ ಗಿರಣಿ ಕೆಲಸಗಾರ್ತಿಯರ ಸ್ಥಿತಿಯನ್ನು ಪರಿಶೀಲಿಸಿದರು. ಅವರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ವರದಿ ಮಾಡಿದರು. ಇದನ್ನು ಓದಿದವರು ಮೊದಲು ತಾಯಂದಿರನ್ನೇ ಬೈಯುತ್ತಾರೆ, ನಾನೂ ಬೈದೆ. ಆಮೇಲೆ ಕೆಲಸದ ತಾಸುಗಳ ಲೆಕ್ಕ ನೋಡಿದೆ. ಅಂದಿನ ಕಾನೂನಿನ ಪ್ರಕಾರವೇ ಹೆಂಗಸರು ದಿನಕ್ಕೆ 11 ತಾಸು ದುಡಿಯಬಹುದಿತ್ತು. ಹಾಲುಣ್ಣುವ ಕೂಸನ್ನು ಅಷ್ಟು ಹೊತ್ತು ಎಲ್ಲಿ ಬಿಡಬೇಕು? ಅಫೀಮು ತಿಂದ ಕೂಸು ಅಳುವುದಿಲ್ಲ, ಹಸಿವೆಂದು ಕೇಳುವುದಿಲ್ಲ, ಹಾಗೇ ಸೊರಗುತ್ತದೆ. ತುಸು ಹೆಚ್ಚಾದರೆ ಉಸಿರೇ ನಿಂತುಹೋಗುತ್ತದೆ. ಅಳದ ಕೂಸನ್ನು ಕಂಡವರು ಮಾತ್ರ ‘ಎಷ್ಟು ಶಾಂತ’ ಎಂದುಕೊಳ್ಳುತ್ತಿದ್ದರು.

ಇದು ನಮ್ಮ ದೇಶದ ‘ಅಜ್ಞಾನ’ ಎಂದುಕೊಳ್ಳಬೇಡಿ. ಅಮೆರಿಕದಲ್ಲೂ ಹಲ್ಲು ಬರುವ ಕೂಸುಗಳಿಗೆಂದು ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಮಾರಾಟವಾಗುತ್ತಿತ್ತು. ಅದರಲ್ಲಿದ್ದದ್ದು ಮಾರ್ಫೀನು, ಅಂದರೆ ಅಫೀಮಿನದೇ ಸತ್ವ. 1906ರ ಕಾನೂನು ಇಂಥ ಬಾಟಲಿಗಳ ಮೇಲೆ ಒಳಗೇನಿದೆ ಎಂದು ಬರೆಯುವುದನ್ನು ಕಡ್ಡಾಯ ಮಾಡಿತು. ಅಲ್ಲಿ ಮೊದಲ ಮದ್ದು ಒಂದು ಚೀಟಿ.

ನಮ್ಮಲ್ಲಿ ಸಿಕ್ಕ ಮದ್ದು ತೊಟ್ಟಿಲು. 1929ರಲ್ಲಿ ನೇಮಕವಾದ ವಿಟ್ಲಿ ಕಾರ್ಮಿಕ ಆಯೋಗ 1931ರ ವರದಿಯಲ್ಲಿ, ಹೆಣ್ಣುಮಕ್ಕಳು ಹೆಚ್ಚಾಗಿ ದುಡಿಯುವ ಕಾರ್ಖಾನೆಗಳು ಕೂಸುಗಳಿಗೆ ಕೋಣೆ ಕಟ್ಟಿಸಬೇಕು ಎಂದಿತು. ಇಂಥ ಕೋಣೆಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು 1934ರ ಕಾಯ್ದೆ ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತು. 1948ರ ಕಾರ್ಖಾನೆ ಕಾಯ್ದೆ ಅದನ್ನು ದೇಶಕ್ಕೆಲ್ಲ ಅನ್ವಯಿಸಿತು: 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು.

ಅಫೀಮು ಹೋದರೂ ತೊಟ್ಟಿಲಿಗೆ ವಿಷ ಬರುವುದು ನಿಲ್ಲಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 1984ರ ಒಂದು ವರದಿ ಫ್ಲಾರಿಡಾದಲ್ಲಿ ಭಾರತೀಯ ಮೂಲದ ಹಸುಗೂಸೊಂದು ಸೀಸದ ವಿಷದಿಂದ ತೀರಿಕೊಂಡದ್ದನ್ನು ದಾಖಲಿಸಿದೆ. ಕೂಸಿಗೆ ಊರಕಡೆಯ ಪುಡಿ ಕೊಟ್ಟಿದ್ದರು. ಅಂಥ ಔಷಧಗಳ ಸಾಲಿನಲ್ಲಿ ‘ಬಾಲಗೋಳಿ’ಯ ಹೆಸರೂ ಇದೆ. ಒಳಗಿನ ವಿಷ ಬೇರೆಯಾಗಿದ್ದರೂ ಹೆಸರು ಹಳೆಯದೇ.

ಸೀಸಕ್ಕೆ ವಾಸನೆಯ ಸುಳಿವಿಲ್ಲ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಎಲುಬಿನಲ್ಲಿ ಕೂಡಿಡುತ್ತದೆ. ದೊಡ್ಡವರಿಗಿಂತ ಮಕ್ಕಳು ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತಾರೆ. ಬೆಳೆಯುವ ಮಿದುಳಿಗೆ ಆದ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಡಾ. ತುಪ್ಪಿಲ್ ವೆಂಕಟೇಶ್ ಅದರ ಮುಂಚೂಣಿಯಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಮಿತಿ ಮೀರಿದ ಸೀಸವಿತ್ತು. 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಹಾಲಿನ ಬಾಟಲಿಗಳಲ್ಲಿ ಪಾಲಿಕಾರ್ಬೊನೇಟ್ ಬೇಡವೆಂದು ಮಾನಕ ಸಂಸ್ಥೆ 2015ರಲ್ಲಿ ಹೇಳಿತು. 2021ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ತೊಟ್ಟಿಲ ಸುತ್ತ ಕಣ್ಣಾಡಿಸಿದೆ. ಯಾರೋ ಜಾತ್ರೆಯಿಂದ ತಂದ ಹಳದಿ ಬಣ್ಣದ ಗಿಲಕಿ, ಒಂದು ಕಾಡಿಗೆ ಡಬ್ಬಿ. ಎರಡರ ಮೇಲೂ ಮಾಡಿದವರ ಹೆಸರಿಲ್ಲ. ಅವುಗಳಲ್ಲಿ ಸೀಸವಿದೆ ಎಂದು ನಾನು ಹೇಳಲಾರೆ. ಇಲ್ಲ ಎಂದು ಹೇಳುವ ಚೀಟಿಯೂ ಇರಲಿಲ್ಲ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ಒಯ್ಯುತ್ತದೆ. ಎರಡನ್ನೂ ಎತ್ತಿಟ್ಟೆ.

ಬಜೆಯ ಮಾತು ಇಷ್ಟು ಸುಲಭವಿರಲಿಲ್ಲ. ಅದರಲ್ಲಿರುವ ಒಂದು ರಾಸಾಯನಿಕ ಇಲಿಗಳಲ್ಲಿ ಗಡ್ಡೆ ತರುವುದು ಕಂಡದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು ಎಂದೆ. ಆಯಿಯ ಮುಖ ಸಣ್ಣದಾಯಿತು. “ನಿಮಗೆಲ್ಲಾ ಇದನ್ನ ನೆಕ್ಕಿಸೀನಿ. ಸತ್ರೇನು?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಅಕ್ಕ ಮೆಲ್ಲಗೆ, “ಆರು ತಿಂಗಳತನಾ ಬರೀ ಎದಿಹಾಲು ಅಂತ ಡಾಕ್ಟರ್ ಹೇಳ್ಯಾರ ಆಯಿ. ಜೇನುತುಪ್ಪನೂ ಬ್ಯಾಡ, ನೀರೂ ಬ್ಯಾಡ,” ಎಂದಳು.

“ಹಂಗಾರ ನಾ ಏನ್ ಮಾಡ್ಲಿ?”

“ನೀ ಕೂಸಿನ್ನ ಎತಗೋ.”

ದೃಷ್ಟಿಬೊಟ್ಟು ಮಾತ್ರ ಆಯಿ ಬಿಡಲಿಲ್ಲ. ಹರಳೆಣ್ಣೆ ದೀಪದ ಮಸಿಯಿಂದ ತಾನೇ ಕಾಡಿಗೆ ಮಾಡಿ, ಕಣ್ಣಿಗೆ ಹಚ್ಚದೆ ಅಂಗಾಲಿಗೆ ಇಟ್ಟಳು. ಅಕ್ಕ ಕಿತ್ತೂರಿನ ಶಾಲೆಗೆ ಮರಳಿದ ಮೇಲೆ ಕೂಸು ಆಯಿಯ ತೊಡೆಯ ಮೇಲೇ ಬೆಳೆಯಿತು. ಅಕ್ಕನಿಗೆ ಸಂಬಳದ ರಜೆಯಿತ್ತು, ಮನೆಯಲ್ಲಿ ಆಯಿ ಇದ್ದಳು.

ಸವದತ್ತಿ, ರಾಮದುರ್ಗದ ಹೊಲಗಳಿಗೆ ಕಳೆ ತೆಗೆಯಲು ಹೋಗುವ ಬಾಣಂತಿಗೆ ಅವೆರಡೂ ಇಲ್ಲದಿರಬಹುದು. ಕಾರ್ಖಾನೆ ಕಾಯ್ದೆ ಹೊಲದ ಬದುವಿನವರೆಗೆ ಬರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ನರೇಗಾ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ 4 ಸಾವಿರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಆ ಹೆಸರು ಓದಿದಾಗ ನನಗೆ ನೆನಪಾದದ್ದು ಡಾ. ಬಾರ್ನ್ಸ್ ಕಂಡ ಆ ನಿದ್ದೆಗಣ್ಣಿನ ಕೂಸುಗಳು. ‘ಇದನ್ನು ಕೊಡಬೇಡ’ ಎಂದು ತಾಯಿಗೆ ಹೇಳುವವರು, ಆಕೆ ದುಡಿಯಲು ಹೋದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದೂ ಹೇಳಬೇಕು. ಅಂದು ಆಯಿ ಕೇಳಿದ್ದೂ ಅದನ್ನೇ.