ಮನಿ ಖರೇದಿ ಕಾಗದದಾಗ ಅಕ್ಕ-ತಂಗೇರ ಸಹಿ ಯಾಕ ಬಂತು?

ಸಂಚಕಾರ ಕೊಟ್ಟಾಗಿರತೈತಿ. ಬ್ಯಾಂಕಿನವ್ರು ಸಾಲ ಮಂಜೂರ ಮಾಡಿರತಾರ. ಖರೇದಿಗೆ ಇನ್ನ ಎಂಟು ದಿನ ಅನ್ನೂದ್ರಾಗ ವಕೀಲರು ಕಾಗದ ತಿರುವಿ, "ಮಾರೋರಿಗೆ ಇಬ್ಬರು ಅಕ್ಕಂದಿರು ಅದಾರಂತಲ್ಲ, ಅವರ ಸಹಿ ಎಲ್ಲೈತಿ?" ಅಂತ ಕೇಳತಾರ. ಮಾರೋರು, "ಅವರ ಲಗ್ನ ಆಗಿ ಮೂವತ್ತು ವರ್ಷ ಆತು, ಅವರದೇನೈತಿ ಇಲ್ಲೆ?" ಅಂತಾರ. ಈ ಮನಿ ಹಿಡಿಯೂದೋ ಬಿಡೂದೋ ಅನ್ನೂ ಸಂಕಟ ಎಷ್ಟೋ ಮನ್ಯಾಗ ಹಿಂಗ ಶುರು ಆಗತೈತಿ. ಆ ಸಹಿಯ ಹಿಂದ ದೊಡ್ಡ ಇತಿಹಾಸ ಐತಿ. ಅದು ಗೊತ್ತಿದ್ರ ತೀರ್ಮಾನ ಮಾಡೂದು ಸಲೀಸು.

ಮೊದಲ ಹಿರೇರ ಆಸ್ತಿಯೊಳಗ ಗಂಡಮಗ ಹುಟ್ಟಿದ ಕೂಡಲೆ ಪಾಲುಗಾರ. ಹೆಣಮಗಳಿಗೆ ಲಗ್ನದಾಗ ಹಾಕಿದ ಬಂಗಾರ, ಪಂಚಮಿಗೆ ಕರದು ಉಡಿ ತುಂಬಿದ್ದು, ಅಷ್ಟ. ಮೈಸೂರು ಸಂಸ್ಥಾನದವ್ರು 1933ರಾಗ ಕಾಯ್ದೆ ಮಾಡಿ, ಪಾಲು ಆಗೂ ಹೊತ್ತಿಗೆ ತಾಯಿಗೂ ಲಗ್ನ ಆಗದ ಹೆಣ್ಣಮಕ್ಕಳಿಗೂ ಪಾಲು ಇಟ್ಟರು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಅವಾಗ ಮುಂಬೈ ಪ್ರಾಂತ್ಯದಾಗ ಇದ್ದವು, ಆ ಕಾಯ್ದೆ ಇತ್ತ ಬರಲಿಲ್ಲ. ನಮಗ ಬಂದದ್ದು 1937ರ ಕಾಯ್ದೆ. ಅದು ಗಂಡ ಸತ್ತ ಹೆಣ್ಣಮಗಳಿಗೆ, ಅಕಿ ಜೀವ ಇರೂತನ ಮಾತ್ರ, ಹಕ್ಕು ಕೊಡತಿತ್ತು.

1956ರಾಗ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪ ಸತ್ತರ ಅವನ ಪಾಲಿನ್ಯಾಗ ಮಗಳಿಗೂ ಪಾಲು ಅಂದ್ರು. ಆದರ ಮನಿ ಮಾತು ಬಂದಾಗ 23ನೇ ಕಲಮು ಅಡ್ಡ ನಿಂತಿತು. ಗಂಡಸರು ತಾವಾಗಿ ಪಾಲು ಮಾಡ್ಕೊಳ್ಳೂತನ ಮಗಳು ವಾಸದ ಮನ್ಯಾಗ ಪಾಲು ಕೇಳೂ ಹಂಗಿದ್ದಿಲ್ಲ. ಪಾಲು ಕಾಗದದ ಮ್ಯಾಲ ಇತ್ತು, ಬಾಗಲಾ ಮಾತ್ರ ಮುಚ್ಚಿತ್ತು.

ಆಂಧ್ರದವ್ರು 1986ರಾಗ ಮಗಳನ್ನೂ ಮಗನ ಸಮ ಪಾಲುಗಾರಳು ಅಂದ್ರು. ಕರ್ನಾಟಕದಾಗ ಅದು 30 ಜುಲೈ 1994ಕ್ಕ ಬಂತು. ಆದರ ಅದಕ್ಕಿಂತ ಮೊದಲ ಲಗ್ನ ಆದವರನ್ನ ಹೊರಗಿಟ್ಟರು. 9 ಸೆಪ್ಟೆಂಬರ್ 2005ಕ್ಕ ಕೇಂದ್ರದ ತಿದ್ದುಪಡಿ ಬಂದಾಗ ಲಗ್ನ ಆದವರು, ಆಗದವರು ಅನ್ನೂ ಭೇದ ಹೋತು, 23ನೇ ಕಲಮೂ ಹೋತು. ಅವತ್ತು ಅಪ್ಪ ಜೀವಂತ ಇರಬೇಕಿತ್ತೋ ಇಲ್ಲೋ ಅನ್ನೂ ಜಗಳ ಉಳದಿತ್ತು. ವಿನೀತಾ ಶರ್ಮಾ ಪ್ರಕರಣದಾಗ ಸುಪ್ರೀಂ ಕೋರ್ಟು 11 ಆಗಸ್ಟ್ 2020ಕ್ಕ, ಇರಬೇಕಂತಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದ ಬರತೈತಿ ಅಂತ ಹೇಳಿತು.

ಲೆಕ್ಕ ನೋಡ್ರಿ. ತಾಯಿ ಇಲ್ಲ, ಅಪ್ಪ ತೀರಿಕೊಂಡಾನ, ಇಬ್ಬರು ಗಂಡಮಕ್ಕಳು, ಒಬ್ಬಾಕಿ ಮಗಳು. ಹಳೇ ಲೆಕ್ಕದಾಗ ಹಿರೇರ ಮನಿಯೊಳಗ ಅಕಿಗೆ ಒಂಬತ್ತರಾಗ ಒಂದು ಪಾಲು. ಈಗ ಮೂರರಾಗ ಒಂದು. ಅಕಿ ಸಹಿ ಇಲ್ಲದ ಅಣ್ಣತಮ್ಮರಿಂದ ಕೊಂಡ್ರ ನಿಮಗ ಬರೂದು ಅವರಿಬ್ಬರ ಪಾಲಷ್ಟ. ಮುಂದ ಅಕಿ ಪಾಲಿಗೆ ದಾವಾ ಹಾಕಬಹುದು. ಅಷ್ಟ ಅಲ್ಲ, ಅವಿಭಕ್ತ ಮನೆತನದ ವಾಸದ ಮನ್ಯಾಗ ಪಾಲು ಕೊಂಡ ಹೊರಗಿನವರಿಗೆ ಅಲ್ಲೆ ಕೂಡಿ ಇರೂ ಹಕ್ಕಿಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆನ ಹೇಳತೈತಿ.

"ಇ.ಸಿ. ಸ್ವಚ್ಛ ಐತಿ" ಅಂತ ಏಜೆಂಟರು ಅಂತಾರ. ಇ.ಸಿ.ಯೊಳಗ ಬರೂದು ನೋಂದಣಿ ಆದ ವ್ಯವಹಾರ ಅಷ್ಟ. ಮನ್ಯಾಗ ಎಷ್ಟ ಮಂದಿ ಹೆಣ್ಣಮಕ್ಕಳು ಹುಟ್ಟ್ಯಾರ ಅಂತ ಅದು ಹೇಳೂದಿಲ್ಲ. ಅದಕ್ಕ ವಂಶಾವಳಿ ಕೇಳಬೇಕು.

ಹಂಗಂತ ಎಲ್ಲಾ ಮನಿ ಬಿಟ್ಟು ಓಡೂದೂ ಬ್ಯಾಡ. ಮಾರೋರು ಸ್ವಂತ ದುಡದು ಕೊಂಡ ಮನಿ ಆದ್ರ ಅವರ ಅಕ್ಕ-ತಂಗೇರ ಸಹಿ ಬೇಕಾಗೂದಿಲ್ಲ. 20 ಡಿಸೆಂಬರ್ 2004ಕ್ಕಿಂತ ಮೊದಲ ಆಗಿ ಹೋದ ಮಾರಾಟ, ವಾಟ್ನಿಗಳನ್ನ 2005ರ ತಿದ್ದುಪಡಿ ಕೆದಕೂದಿಲ್ಲ. ಹಿರೇರ ಮನಿನ ಆದರೂ, ಅಕ್ಕಂದಿರು ತಾವ ಬಂದು ಖರೇದಿ ಪತ್ರಕ್ಕ ಸಹಿ ಮಾಡಿದ್ರ, ಇಲ್ಲಾ ಹಕ್ಕು ಬಿಟ್ಟ ಪತ್ರ ನೋಂದಣಿ ಮಾಡಿ ಕೊಟ್ಟರ ಮುಗೀತು. ಇದೆಲ್ಲಾ ಹಿಂದೂ ಕಾಯ್ದೆಗೆ ಸೇರಿದ ಮನೆತನದ ಮಾತು. ಮುಸ್ಲಿಂ, ಕ್ರಿಶ್ಚಿಯನ್ ಮನೆತನಕ್ಕ ಬ್ಯಾರೆ ಕಾಯ್ದೆ ಅದಾವ.

ಇನ್ನ ಸಂಚಕಾರದ ಚಿಂತಿ. 1882ರ ಅದೇ ಕಾಯ್ದೆ ಪ್ರಕಾರ ಕರಾರು ಅಂದ್ರ ಖರೇದಿ ಅಲ್ಲ. ಅದರಿಂದ ಮನಿ ನಿಮ್ಮದಾಗೂದಿಲ್ಲ. ತಮ್ಮ ಹಕ್ಕಿನ್ಯಾಗ ದೋಷ ಇದ್ರ ತಿಳಸೂದು ಮಾರೋರ ಕರ್ತವ್ಯ. ಮನಸ್ಸು ಬದಲಾಗಿ ಬಿಟ್ಟರ ಸಂಚಕಾರ ಮುಣಗೂ ಭಯ ಖರೆ. ಹಕ್ಕಿನ ದೋಷದಿಂದ ಬಿಟ್ಟರ ವಾಪಸ್ ಕೇಳಾಕ ಬರತೈತಿ. ಅದಕ್ಕ ಬಿಡೂ ಕಾರಣ ಬಾಯಿ ಮಾತಿನ್ಯಾಗ ಹೇಳಬ್ಯಾಡ್ರಿ, ವಕೀಲರ ಕಡಿಂದ ನೋಟೀಸಿನ್ಯಾಗ ಬರಸ್ರಿ. ಕರಾರು ಮಾಡೂ ಮೊದಲನ, "ಎಲ್ಲಾ ಪಾಲುಗಾರರು ಸಹಿ ಮಾಡದಿದ್ರ ಸಂಚಕಾರ ವಾಪಸ್" ಅಂತ ಒಂದು ಸಾಲು ಹಾಕಸಿದ್ರ ಇನ್ನೂ ಚಲೋ.

ಮಾರೋರು "ಆಮ್ಯಾಲ ಸಹಿ ಮಾಡಸತೀವಿ, ಈಗ ರೊಕ್ಕ ಕೊಡ್ರಿ" ಅಂದ್ರ, ಎಂಟು ದಿನ ಮುಂದ ಹಾಕ್ರಿ. ಅಕ್ಕಂದಿರು ಒಲ್ಲೆ ಅಂದ್ರ, ಮನಿ ಎಷ್ಟ ಚಂದ ಇರಲಿ, ಬಿಡ್ರಿ. ಅವರನ್ನ ಗದರಿಸಿ, ಸೀರಿ-ಕುಬಸ ಕೊಟ್ಟು ಸಹಿ ಹಾಕಸ್ರಿ ಅಂತ ಮಾತ್ರ ನೀವು ಹೇಳಬ್ಯಾಡ್ರಿ. ಕೊಳ್ಳೂ ಕಡೆ ಕುಂತಾಗ ಆ ಸಹಿ ಅಡ್ಡಗಾಲು ಅನಸತೈತಿ. ನಮ್ಮ ತವರಮನಿ ಮಾರಾಟಕ್ಕ ಬಂದ ದಿನ ಅದೇ ಸಹಿ ನಮ್ಮ ಕೈಯಾಗ ಇರತೈತಿ.