ಇರಲು ಒಂದು ಚೀಟಿ, ವ್ಯಾಪಾರಕ್ಕೆ ಇನ್ನೊಂದು

ಮೌಳಂಗಿಯಲ್ಲಿ ಕಾಳಿ ನದಿಯ ದಂಡೆಗೆ ಹೋಂಸ್ಟೇ ನಡೆಸುವವರಿಗೆ ವಿದೇಶಿಯರ ಕಾನೂನು ಎದುರಾಗುವುದು ಅತಿಥಿಗಳ ವಿವರ ತುಂಬುವ ಫಾರ್ಮಿನ (ಹಿಂದಿನ ಸಿ ಫಾರ್ಮ್) ರೂಪದಲ್ಲಿ. ಹೊರದೇಶದ ಅತಿಥಿ ಬಂದಿಳಿದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಆನ್‌ಲೈನಿನಲ್ಲಿ ತುಂಬಿ ಕಳಿಸಲೇಬೇಕು. ಅದೇ ಅತಿಥಿಗೆ ಊರು ಹಿಡಿಸಿ, 'ಇಲ್ಲೇ ನಾಲ್ಕು ಕೋಣೆ ಕಟ್ಟಿಸಿ ರಾಫ್ಟಿಂಗ್ ಶುರು ಮಾಡುತ್ತೇನೆ' ಎಂದರೆ ಪ್ರವಾಸಿ ವೀಸಾ ನಡೆಯದು, ಬಿಸಿನೆಸ್ ವೀಸಾ ಬೇಕು. ಲೇವಾದೇವಿಗೆ, ಚಿಲ್ಲರೆ ವ್ಯಾಪಾರಕ್ಕೆ ಅದನ್ನೂ ಕೊಡುವುದಿಲ್ಲ. ಜಾಗ ಕೊಳ್ಳುವ ಮಾತಿಗೆ ಬಂದರೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಬೇರೆ.

ಪರನಾಡಿನಲ್ಲಿ ವ್ಯಾಪಾರಕ್ಕೆ ಚೀಟಿ ಕೇಳುವ ಪದ್ಧತಿ ಉತ್ತರ ಕನ್ನಡ ಜಿಲ್ಲೆಗೆ ಹೊಸದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ಓಡಾಡುವ ಹಡಗುಗಳಿಗೆ 'ಕಾರ್ತಾಜ್' ಎಂಬ ರಹದಾರಿ ಕಡ್ಡಾಯ ಮಾಡಿದರು. ಅದಿಲ್ಲದ ಹಡಗು ಸಿಕ್ಕರೆ ಸರಕಿನ ಸಮೇತ ಜಪ್ತಿ. ತಮ್ಮದೇ ಕಡಲಿನಲ್ಲಿ ವ್ಯಾಪಾರ ಮಾಡಲು ಕೆನರಾದ ವರ್ತಕರು ಹೊರಗಿನಿಂದ ಬಂದವರ ಅಪ್ಪಣೆ ಪಡೆಯಬೇಕಾಯಿತು. 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಕೂಟ ಕಾರವಾರದಲ್ಲಿ ಕೋಠಿ ತೆರೆದಾಗ ಮಾತ್ರ, ಅನುಮತಿ ಬೇಡುವ ಸರದಿ ಪರದೇಶದವರದಾಗಿತ್ತು. ಆಳುವವನಿಗೆ ಸುಂಕ ಸಿಕ್ಕರೆ ಸಾಕಿತ್ತು. ಬಂದವನು ಎಷ್ಟು ದಿನ ಇರುತ್ತಾನೆ ಎಂಬ ಲೆಕ್ಕಕ್ಕೆ ಅಷ್ಟು ಮಹತ್ವ ಇರಲಿಲ್ಲ.

ಆ ಲೆಕ್ಕ ಬಿಗಿಯಾದದ್ದು 20ನೇ ಶತಮಾನದಲ್ಲಿ. 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಎರಡೂ ಬ್ರಿಟಿಷರು ಬಿಟ್ಟುಹೋದವು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬರುವವರೆಗೂ ದೇಶ ನಡೆದದ್ದು ಅವುಗಳ ಮೇಲೆಯೇ. ಈ ಕಾನೂನುಗಳಡಿ ವಾಸಕ್ಕೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ದುಡಿಮೆಗೂ ಒಪ್ಪಿಗೆ ಸಿಕ್ಕಂತಲ್ಲ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇದೇ ಜಿಲ್ಲೆಯ ಮುಂಡಗೋಡಿನಲ್ಲಿ.

1966ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಜಾಗದಲ್ಲಿ ಟಿಬೆಟನ್ನರ ಡೋಗುಲಿಂಗ್ ವಸತಿ ಎದ್ದಿತು. ಬಂದವರ ಕೈಗೆ ಸಿಕ್ಕದ್ದು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಐಸಿ (ಗುರುತಿನ ಪ್ರಮಾಣಪತ್ರ) ಪುಸ್ತಕ. ಹೊರಗಿನ ವಿದೇಶಿಯರು ಈ ಕ್ಯಾಂಪುಗಳಿಗೆ ಬರಬೇಕೆಂದರೆ ಕೇಂದ್ರ ಗೃಹ ಇಲಾಖೆಯ ವಿಶೇಷ ಪರವಾನಗಿ ತರಬೇಕು. ಹೀಗಾಗಿ, ಅಮೆರಿಕದ ಪೌರತ್ವ ಪಡೆದ ಟಿಬೆಟನ್ ಮಗನೂ ಕ್ಯಾಂಪಿನಲ್ಲಿರುವ ತಾಯಿಯನ್ನು ನೋಡಲು ಅರ್ಜಿ ಹಾಕಿಯೇ ಬರುತ್ತಾನೆ.

ಸರ್ಕಾರ ಇವರನ್ನು ಕಂಡದ್ದು ರೈತರಾಗಿ. ಕಾಡು ಕಡಿದು ಗೋವಿನಜೋಳ, ಭತ್ತ ಬೆಳೆದರು; ಸಹಕಾರ ಸಂಘ ಕಟ್ಟಿಕೊಂಡರು, ರತ್ನಗಂಬಳಿ ನೇಯ್ದರು. ಮಕ್ಕಳು ಮೊಮ್ಮಕ್ಕಳು ಹೆಚ್ಚಿದರೂ ಹೊಲ ಹೆಚ್ಚಲಿಲ್ಲ. ಆಗ ಕೈ ಹಿಡಿದದ್ದು ಸ್ವೆಟರ್. ಲೂಧಿಯಾನಾದ ಸಗಟು ವರ್ತಕರಿಂದ ಉದ್ದರಿಗೆ ಮಾಲು ತಂದು, ಚಳಿಗಾಲದಲ್ಲಿ ಊರೂರಿನ ಬಯಲಿನಲ್ಲಿ ಸಾಲಾಗಿ ಮಳಿಗೆ ಹಾಕಿ, ಚಳಿ ಮುಗಿದ ಮೇಲೆ ಬಾಕಿ ತೀರಿಸಿ ವಾಪಸಾಗುವುದು. ಸುಗ್ಗಿ ಮುಗಿದು ಹೊಲ ಖಾಲಿ ಬಿದ್ದಿರುವ ತಿಂಗಳುಗಳಲ್ಲೇ ಈ ಕಸುಬು. ಬಾಕಿ ಉಳಿಸಿಕೊಳ್ಳದವರು ಎಂಬ ಹೆಸರೇ ಇವರ ಬಂಡವಾಳ. ಬ್ಯಾಂಕು ಕೊಡದ ಸಾಲವನ್ನು ಲೂಧಿಯಾನಾ ಕೊಟ್ಟಿತು. ನಗರಸಭೆಗೆ ಬಾಡಿಗೆ ಕಟ್ಟಿ ಎರಡು ಮೂರು ತಿಂಗಳು ಕೂರುವವರಿಗೆ ಕಾಯಂ ಲೈಸೆನ್ಸಿನ ಗೊಡವೆ ಇರಲಿಲ್ಲ. ಗೊಡವೆ ಬಂದದ್ದು ಕಾಯಂ ಅಂಗಡಿ ಹಾಕಹೊರಟಾಗ. ದೇಶದ ಎಷ್ಟೋ ಟಿಬೆಟನ್ ವಸತಿಗಳಲ್ಲಿ ಅಂಗಡಿಯ ಕಾಗದ ಸ್ಥಳೀಯ ಪರಿಚಯಸ್ಥರ ಹೆಸರಿನಲ್ಲಿರುತ್ತಿತ್ತು, ಗಲ್ಲಾಪೆಟ್ಟಿಗೆ ಮುಂದೆ ಕೂತವರು ಬೇರೆ.

2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ತಂದಿತು. ಭೂಮಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ, ಯಾವುದೇ ಆರ್ಥಿಕ ಚಟುವಟಿಕೆ ನಡೆಸಲು ಬಿಡಿ, ಟ್ರೇಡ್ ಲೈಸೆನ್ಸ್ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಮುಂಡಗೋಡಿನಲ್ಲಿ ಜನ ನೆಲೆಸಿ ಆಗಲೇ 48 ವರ್ಷ. ತಡವಾಯಿತು ಎಂದು ದೂರಬಹುದು, ಆದರೆ ನನ್ನ ಮಟ್ಟಿಗೆ ಪೌರತ್ವ ಕೊಡದೆಯೂ ವ್ಯಾಪಾರದ ಹಕ್ಕು ಕೊಡಬಹುದು ಎಂದು ಬರಹದಲ್ಲಿ ಒಪ್ಪಿಕೊಂಡದ್ದೇ ಆ ನೀತಿಯ ತೂಕ.

ಘಟ್ಟದ ಕೆಳಗಿನ ಭಟ್ಕಳದ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿಯ ನವಾಯತ ಸಮುದಾಯದವರು ಕೊಲ್ಲಿ ದೇಶಗಳಿಗೆ ಹೋದದ್ದೇ ದುಡಿಯಲು, ವ್ಯಾಪಾರ ಮಾಡಲು. ಅದಕ್ಕೆ ಒಪ್ಪಿಗೆ ಇತ್ತು, ಪೂರ್ತಿ ಮಾಲೀಕತನಕ್ಕೆ ಇರಲಿಲ್ಲ. ಯುಎಇಯ 1984ರ ಕಂಪನಿ ಕಾಯ್ದೆಯ ಪ್ರಕಾರ ಶೇ 51ರಷ್ಟು ಪಾಲು ಅಲ್ಲಿಯ ಪ್ರಜೆಯದೇ ಆಗಿರಬೇಕಿತ್ತು. ಪ್ರತಿವರ್ಷ ಫೀ ಪಡೆದು ಹೆಸರು ಕೊಡುವ ಅರಬಿ, ದುಡಿದು ಅಂಗಡಿ ನಡೆಸುವ ಮಲಬಾರಿ ಅಥವಾ ಕೆನರಾದವ, ಇದು ಅಲ್ಲಿಯ ಮಾಮೂಲು ಜೋಡಿಯಾಗಿತ್ತು. ಮುಂಡಗೋಡಿನವರು ಕೂಡಲೇ ಗುರುತು ಹಿಡಿಯುವ ವ್ಯವಸ್ಥೆ! 1985ರಲ್ಲಿ ಜೆಬೆಲ್ ಅಲಿ ಮುಕ್ತ ವಲಯ ತೆರೆದಾಗ ಬೇಲಿಯೊಳಗೆ ಪೂರ್ತಿ ಮಾಲೀಕತನ ಸಾಧ್ಯವಾಯಿತು. ಬೇಲಿಯ ಹೊರಗೂ ಬಹುತೇಕ ವ್ಯವಹಾರಗಳಿಗೆ ಅದು ದಕ್ಕಿದ್ದು 2021ರ ಜೂನ್‌ನಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಗೋಲ್ಡನ್ ವೀಸಾ ಬಂದು, ಪ್ರಾಯೋಜಕನ ಹಂಗಿಲ್ಲದೆ ಉಳಿಯುವ ದಾರಿ ಕೆಲವರಿಗಾದರೂ ತೆರೆದಿತ್ತು.

ಕೊಲ್ಲಿ ಕೇಳಿದ್ದು ಸ್ಥಳೀಯನ ಹೆಸರಾದರೆ, ಪಶ್ಚಿಮದ ದೇಶಗಳು ಮೊದಲು ಕೇಳಿದ್ದು ದುಡ್ಡು. ಅಮೆರಿಕದ ಹೂಡಿಕೆದಾರರ ವೀಸಾ ಇಬಿ-5 ಶುರುವಾದದ್ದು 1990ರಲ್ಲಿ. ಈಗ ಕನಿಷ್ಠ 8 ಲಕ್ಷ ಡಾಲರ್ ಹೂಡಿ, 10 ಜನರಿಗೆ ಕೆಲಸ ಕೊಡಬೇಕು. ಕಡಿಮೆ ಬಂಡವಾಳದವರಿಗೆ ಅನುಕೂಲವಾದ ಇ-2 ವೀಸಾ ಒಪ್ಪಂದವಿರುವ ದೇಶಗಳಿಗೆ ಮಾತ್ರ, ಆ ಪಟ್ಟಿಯಲ್ಲಿ ಭಾರತವಿಲ್ಲ. ಆಮೇಲೆ ದುಡ್ಡಿನ ಜಾಗಕ್ಕೆ ಐಡಿಯಾ ಬಂತು. ಕೆನಡಾ 2013ರಲ್ಲಿ ಸ್ಟಾರ್ಟಪ್ ವೀಸಾ ತಂದಿತು. ಬ್ರಿಟನ್ 2019ರಲ್ಲಿ 2 ಲಕ್ಷ ಪೌಂಡಿನ ಹಳೆಯ ದಾರಿ ಮುಚ್ಚಿ, 2023ರ ಇನ್ನೋವೇಟರ್ ಫೌಂಡರ್ ವೀಸಾದಲ್ಲಿ ನಿಗದಿತ ಬಂಡವಾಳದ ಷರತ್ತನ್ನೇ ಕೈಬಿಟ್ಟಿತು. ಎಚ್‌-1ಬಿ ಉದ್ಯೋಗ ವೀಸಾದ ಮೇಲಿರುವ ಕನ್ನಡಿಗ ಇಂಜಿನಿಯರ್ ತಾನೇ ಮಾಲೀಕನಾಗಿರುವ ಕಂಪನಿಯಿಂದ ಅರ್ಜಿ ಹಾಕಿಸಬಹುದು ಎಂದು ಅಮೆರಿಕ ನಿಯಮದಲ್ಲೇ ಸ್ಪಷ್ಟಪಡಿಸಿದ್ದು 2025ರ ಜನವರಿಯಲ್ಲಿ.

ಭಾರತ ತಾನೂ ಬೆಲೆ ಕಟ್ಟಿದ್ದು 2016ರಲ್ಲಿ. 18 ತಿಂಗಳಲ್ಲಿ 10 ಕೋಟಿ ಇಲ್ಲವೇ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡಿ, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಟ್ಟರೆ 10 ವರ್ಷದ ವಾಸದ ಹಕ್ಕು. ಮೌಳಂಗಿಯಲ್ಲಿ ನಾಲ್ಕು ಕೋಣೆ ಕಟ್ಟುವ ಆಸೆಯವನಿಗಾಗಲಿ, ಮುಂಡಗೋಡಿನ ಲಾಮಾ ಕ್ಯಾಂಪಿನ ಬಳಿ ಮೊಮೊ ಹೋಟೆಲ್ ನಡೆಸುವವಳಿಗಾಗಲಿ ಇದು ಎಟುಕುವ ಮಾತಲ್ಲ.

ಮೊಮೊ ಹೋಟೆಲಿನ ಆಕೆಗೆ ಇನ್ನೊಂದು ದಾರಿ ಇರಬಹುದು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿತು, ಷರತ್ತಿನ ಮೇಲೆ: ಆರ್‌ಸಿ, ಐಸಿ ಹಿಂದಿರುಗಿಸಬೇಕು, ನಿರಾಶ್ರಿತರ ವಸತಿಯಲ್ಲಿ ವಾಸ ಮಾಡಬಾರದು. ಹೋಟೆಲು, ಮನೆ, ಗಿರಾಕಿಗಳು ಎಲ್ಲ ಇರುವುದು ಆ ವಸತಿಯಲ್ಲೇ ಆದ್ದರಿಂದ, ಅರ್ಹತೆ ಇದ್ದೂ ಆರ್‌ಸಿ ನವೀಕರಣದ ಸಾಲಿನಲ್ಲೇ ನಿಲ್ಲುವವರಿದ್ದಾರೆ.