ಹನುಮಸಾಗರದ ಮಗ್ಗ ಮತ್ತು ಗಡಿಯ ಸುಂಕ

ಕುಷ್ಟಗಿ ತಾಲ್ಲೂಕಿನ ಹನುಮಸಾಗರವು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿದ್ದರೆ, ಈ ಸೀಮೆಯ ಮಗ್ಗಗಳ ಸೀರೆಗೆ ಹೆಸರು ಕೊಟ್ಟ ಇಳಕಲ್ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಸಂಸ್ಥಾನಕ್ಕೆ 'ಹಾಲಿ ಸಿಕ್ಕಾ' ಎಂಬ ಸ್ವಂತ ನಾಣ್ಯವೂ, ಗಡಿ ದಾಟುವ ಸರಕಿಗೆ ಸುಂಕ ವಸೂಲು ಮಾಡುವ 'ಕರೋಡಗಿರಿ' ಇಲಾಖೆಯೂ, ಉರ್ದು ಆಡಳಿತವೂ ಇದ್ದುದರಿಂದ ಒಂದೇ ಕಸುಬಿನ ಊರುಗಳ ನಡುವೆ ಎರಡು ಹಣ, ಎರಡು ಕಾನೂನುಗಳು ಅಡ್ಡ ನಿಂತಿದ್ದವು.

ಒಡಲಿನ ಹಾಸನ್ನು ಸೆರಗಿನ ರೇಷ್ಮೆ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಬೆಸೆಯುವ 'ಕೊಂಡಿ' ಪದ್ಧತಿಯ ಈ ಸೀರೆಗೆ ನೂಲು, ಬಣ್ಣ, ಹಾಸು ಹೂಡುವ ಕೈಗಳೆಲ್ಲ ಬೇಕಾಗಿದ್ದು, ಬಂಡವಾಳವಿಲ್ಲದ ನೇಕಾರನು ನೂಲನ್ನು ಮುಂಗಡ ಕೊಡುವ ಸಾವಕಾರನಿಗೆ ಮಜೂರಿಯ ಲೆಕ್ಕದಲ್ಲಿ ನೆಯ್ದುಕೊಡುತ್ತಿದ್ದನು. 1956ರ ಕರ್ನಾಟಕ ಏಕೀಕರಣವು ಗಡಿಯನ್ನು ಅಳಿಸಿತು. ಆದರೆ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗದ ಹಿಂದುಳಿದಿರುವಿಕೆಯನ್ನು ಸರಿಪಡಿಸಲು ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೂ ಅಭಿವೃದ್ಧಿ ಮಂಡಳಿಗೂ ಅವಕಾಶವೀಯುವ ಸಂವಿಧಾನದ 371(ಜೆ) ವಿಧಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2012ರಲ್ಲಿ.